ವಿಂಡ್‌ಸ್ಕ್ರೀನ್ ಮೇಲೆ ಬಿದ್ದ ಪೇಂಟ್ ಕಲೆ: ಗೀರು ಬೀಳದಂತೆ, ಬಿರುಕು ಬಿಡದಂತೆ ತೆಗೆಯುವುದು ಹೇಗೆ?

ಬಿಸಿಲೆ ಘಾಟ್ ಸವಾರ, ಹಾಸನ

ಎಲ್ಲರಿಗೂ ನಮಸ್ಕಾರ. ನನ್ನ ಬೈಕಿಗೆ ಕಳೆದ ವರ್ಷ ಹೊರಗಡೆಯಿಂದ ತರಿಸಿ ಹಾಕಿಸಿದ ಎತ್ತರದ ಟೂರಿಂಗ್ ವಿಂಡ್‌ಸ್ಕ್ರೀನ್ ಇದೆ. ನಮ್ಮೂರ ಗ್ಯಾರೇಜಿನವರು ಅದನ್ನು ವೈಸರ್ ಎಂದೇ ಕರೆಯುತ್ತಾರೆ. ಪಕ್ಕದ ಮನೆಯಲ್ಲಿ ಗೃಹಪ್ರವೇಶದ ತಯಾರಿ ನಡೆಯುತ್ತಿದ್ದಾಗ ಬೈಕನ್ನು ಅವರ ಕಾಂಪೌಂಡ್ ಗೋಡೆಯ ಬದಿಗೆ ನಿಲ್ಲಿಸಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿದ್ದೆ. ಮೂರು ದಿನ ಬಿಟ್ಟು ಬಂದು ನೋಡಿದರೆ ವಿಂಡ್‌ಸ್ಕ್ರೀನ್ ತುಂಬ ಬಣ್ಣ. ಬೈಕಿನ ಮೇಲೆ ಒಂದು ಹಳೆಯ ಬೆಡ್‌ಶೀಟನ್ನಾದರೂ ಹೊದಿಸಬಹುದಿತ್ತು ಎಂದು ಪೇಂಟರಿಗೆ ಹೇಳಿದೆ. ನಿಲ್ಲಿಸಿದವನು ನಾನೇ ಆದ್ದರಿಂದ ಜಗಳ ಅಲ್ಲಿಗೇ ಮುಗಿಯಿತು.

ಕಲೆಗಳು ಎರಡು ಬಗೆಯವು. ಗೋಡೆಯ ರೋಲರಿನಿಂದ ಸಿಡಿದ, ಅವರೆಕಾಳಿನಷ್ಟು ದೊಡ್ಡ ಬಿಳಿ ಹನಿಗಳು ಸುಮಾರು ಹದಿನೈದು. ಅದಲ್ಲದೆ ಗೇಟಿಗೆ ಕಂಪ್ರೆಸರ್ ಗನ್ನಿನಲ್ಲಿ ಬಣ್ಣ ಹೊಡೆದಾಗ ಗಾಳಿಯಲ್ಲಿ ತೇಲಿ ಬಂದ ಕಪ್ಪು ಮತ್ತು ಕೆಂಪುಗಂದು ಚುಕ್ಕೆಗಳು ಬಲ ಅರ್ಧದಲ್ಲೆಲ್ಲ ಮರಳು ಎರಚಿದಂತೆ ಕೂತಿವೆ. ಕೈಯಾಡಿಸಿದರೆ ಉಪ್ಪುಕಾಗದದಂತೆ ತರಿತರಿಯಾಗಿದೆ. ನಾನು ಈ ಪರದೆಯ ಮೂಲಕವೇ ರಸ್ತೆ ನೋಡುವವನು, ಅದರ ಮೇಲಿನಿಂದಲ್ಲ. ಆದ್ದರಿಂದ ರಾತ್ರಿ ಎದುರಿನ ಲಾರಿಯ ದೀಪ ಬಿದ್ದಾಗ ಪ್ರತಿ ಚುಕ್ಕೆಯೂ ಒಂದೊಂದು ನಕ್ಷತ್ರವಾಗುತ್ತದೆ. ಇನ್ನೂ ಯಾವ ಪ್ರಯೋಗವನ್ನೂ ಮಾಡಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಹಳೇ ಬುಲೆಟ್, ಮೈಸೂರು

ಇದಕ್ಕೆ ಇಷ್ಟೆಲ್ಲ ಚಿಂತೆ ಬೇಡ ಸರ್. ಒಂದು ಹಳೆಯ ಬನಿಯನ್ನನ್ನು ಪೆಟ್ರೋಲಿನಲ್ಲಿ ಅದ್ದಿ ಒರೆಸಿದರೆ ಬಣ್ಣ ಬಿಡುತ್ತದೆ. ಮೂವತ್ತು ವರ್ಷಗಳಿಂದ ನನ್ನ ಗಾಡಿಯ ಟ್ಯಾಂಕು, ಮಡ್‌ಗಾರ್ಡ್‌ಗಳ ಮೇಲಿನ ಟಾರನ್ನೂ ಬಣ್ಣವನ್ನೂ ಹೀಗೆಯೇ ತೆಗೆದಿದ್ದೇನೆ. ಹಟ ಮಾಡುವ ಕಲೆಗೆ ಮಾತ್ರ ಸ್ವಲ್ಪ ಥಿನ್ನರ್ ಮುಟ್ಟಿಸಿ.

ತೀರ್ಥಹಳ್ಳಿ ಮಳೆ

ದಯವಿಟ್ಟು ಬೇಡ! ಹಿರಿಯರ ಮಾತಿಗೆ ಎದುರಾಡುತ್ತಿದ್ದೇನೆಂದು ಭಾವಿಸಬೇಡಿ, ಆದರೆ ಇದೇ ಸಲಹೆಯನ್ನು ನಂಬಿ ನಾನು ಒಂದು ಒಳ್ಳೆಯ ವಿಂಡ್‌ಸ್ಕ್ರೀನ್ ಕಳೆದುಕೊಂಡಿದ್ದೇನೆ. ಎರಡು ವರ್ಷಗಳ ಹಿಂದೆ ಮನೆಯ ಕಿಟಕಿಗೆ ಎನಾಮೆಲ್ ಹಚ್ಚುತ್ತಿದ್ದಾಗ ಬ್ರಷ್ಷಿನಿಂದ ನಾಲ್ಕೇ ಹನಿ ಬಿದ್ದಿದ್ದವು. ಹತ್ತಿಯಲ್ಲಿ ಥಿನ್ನರ್ ತೆಗೆದುಕೊಂಡು ಒರೆಸಿದೆ. ಬಣ್ಣವೇನೋ ಹೋಯಿತು, ಅದರ ಜಾಗದಲ್ಲಿ ಹಾಲು ಚೆಲ್ಲಿದಂತೆ ಒಂದು ಬಿಳಿ ಮಬ್ಬು ಉಳಿಯಿತು. ಒರೆಸಿದಷ್ಟೂ ಮಬ್ಬು ಹರಡಿತು. ಅದಕ್ಕಿಂತ ಕೆಟ್ಟದ್ದು ಮರುದಿನ ಕಾಣಿಸಿತು: ಇಳಿದು ಹೋದ ಥಿನ್ನರ್ ಕೆಳಗಿನ ಎರಡು ಬೋಲ್ಟುಗಳ ಬಳಿ ನಿಂತಿದ್ದಿರಬೇಕು, ಆ ತೂತುಗಳ ಸುತ್ತ ಜೇಡರ ಬಲೆಯಂಥ ಕೂದಲೆಳೆ ಬಿರುಕುಗಳು ಎದ್ದಿದ್ದವು. ಹದಿನೈದು ದಿನಗಳಲ್ಲಿ ಆಗುಂಬೆ ಘಾಟಿಯ ತಿರುವೊಂದರಲ್ಲಿ ಒಂದು ಬಿರುಕು ಅಂಚಿನವರೆಗೂ ಓಡಿತು. ನಾಲ್ಕು ಹನಿ ಬಣ್ಣದೊಂದಿಗೆ ಇನ್ನೂ ಹತ್ತು ವರ್ಷ ಓಡಿಸಬಹುದಿತ್ತು ಎಂದು ಈಗ ಅನಿಸುತ್ತದೆ.

ಅಚ್ಚಿನ ಮನೆ, ಪೀಣ್ಯ

ನಾನು ಪ್ಲಾಸ್ಟಿಕ್ ಅಚ್ಚು ಎರಕದ ಕೆಲಸದಲ್ಲಿರುವವನು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಹಳೇ ಬುಲೆಟ್ ಸರ್ ಹೇಳಿದ್ದು ಟ್ಯಾಂಕಿನ ಮಟ್ಟಿಗೆ ಸರಿಯಿರಬಹುದು. ಟ್ಯಾಂಕು ತಗಡು, ಅದರ ಮೇಲಿರುವುದು ಕಾರ್ಖಾನೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಬಣ್ಣ. ವಿಂಡ್‌ಸ್ಕ್ರೀನ್ ಗಾಜಿನಂತೆ ಕಂಡರೂ ಗಾಜಲ್ಲ. ಅದು ಒಂದೋ ಪಾಲಿಕಾರ್ಬೊನೇಟ್, ಇಲ್ಲವೇ ಅಕ್ರಿಲಿಕ್. ಅಂಗಡಿಯವರು ಲೆಕ್ಸಾನ್ ಎಂದರೆ ಮೊದಲನೆಯದು, ಪರ್ಸ್‌ಪೆಕ್ಸ್ ಅಥವಾ ಪ್ಲೆಕ್ಸಿಗ್ಲಾಸ್ ಎಂದರೆ ಎರಡನೆಯದು ಎಂದು ತಿಳಿಯಿರಿ. ಥಿನ್ನರಿನಲ್ಲಿರುವ ಟೊಲ್ಯೂಯಿನ್, ಅಸಿಟೋನ್, ಎಸ್ಟರ್‌ಗಳು ಎರಡನ್ನೂ ತಿನ್ನುತ್ತವೆ. ಪೆಟ್ರೋಲಿನಲ್ಲಿಯೂ ಟೊಲ್ಯೂಯಿನ್ ಕುಲದ, ಆರೊಮ್ಯಾಟಿಕ್ ಎನ್ನುವ ದ್ರವಗಳಿವೆ. ಬಿಎಸ್-6 ಮಾನದಂಡದ ಪ್ರಕಾರವೇ ಶೇ. 35ರವರೆಗೆ ಇರಬಹುದು, ಅದರ ಮೇಲೆ ಈಗ ಎಥನಾಲ್ ಬೇರೆ ಸೇರಿಸುತ್ತಾರೆ.

ತೀರ್ಥಹಳ್ಳಿಯವರಿಗೆ ಆದದ್ದು ಎರಡು ಬೇರೆ ಬೇರೆ ಹಾನಿ. ಮಬ್ಬು ಬಂದದ್ದು ಮೇಲ್ಮೈ ಕರಗಿ ಮತ್ತೆ ಒರಟಾಗಿ ಗಟ್ಟಿಯಾದದ್ದರಿಂದ. ಬೋಲ್ಟಿನ ಬಳಿ ಬಿರುಕು ಬಂದದ್ದು ಒತ್ತಡದಿಂದ. ಬಾಗಿಸಿ, ತೂತು ಕೊರೆದು, ಬೋಲ್ಟು ಬಿಗಿದ ಪ್ಲಾಸ್ಟಿಕ್ಕಿನೊಳಗೆ ಕಣ್ಣಿಗೆ ಕಾಣದ ಎಳೆತ ಸದಾ ಇರುತ್ತದೆ. ಅಂಥ ಜಾಗಕ್ಕೆ ಹೊಂದದ ದ್ರವ ತಗುಲಿದರೆ ಅಣುಗಳ ಹಿಡಿತ ಸಡಿಲವಾಗಿ, ಮಾಮೂಲಿನಲ್ಲಿ ಎಂದೂ ಬಿರುಕು ಬಿಡದಷ್ಟು ಚಿಕ್ಕ ಎಳೆತಕ್ಕೂ ಬಿರುಕು ಬಿಡುತ್ತದೆ. ಬೋಲ್ಟು ಸಡಿಲವಾಗದಿರಲೆಂದು ಹಚ್ಚುವ ಥ್ರೆಡ್‌ಲಾಕರ್ ಅಂಟು ಕೂಡ ಪಾಲಿಕಾರ್ಬೊನೇಟನ್ನು ಹೀಗೆಯೇ ಒಡೆಯುತ್ತದೆ. ವಿಂಡ್‌ಸ್ಕ್ರೀನ್ ಬೋಲ್ಟಿಗೆ ಅದನ್ನು ಹಚ್ಚಿಕೊಂಡು ಬರುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಗಾಜು ಒರೆಸುವ ದ್ರಾವಣಗಳಲ್ಲಿ ಅಮೋನಿಯಾ ಇದ್ದರೆ ಅದೂ ಬೇಡ.

ಬಿಸಿಲೆಯವರೇ, ಮೊದಲು ನಿಮ್ಮದು ಯಾವ ಪ್ಲಾಸ್ಟಿಕ್ ಎಂದು ಪತ್ತೆ ಮಾಡಿ. ಕೆಳ ಅಂಚಿನಲ್ಲಿ, ಸಾಮಾನ್ಯವಾಗಿ ಹೆಡ್‌ಲೈಟ್ ಕವಚದ ಹಿಂದೆ ಮರೆಯಾಗುವ ಕಡೆ, ಎರಡು ಬಾಣದ ಗುರುತುಗಳ ನಡುವೆ ಪಿಸಿ ಅಥವಾ ಪಿಎಂಎಂಎ ಎಂಬ ಇಂಗ್ಲಿಷ್ ಅಕ್ಷರಗಳು ಅಚ್ಚಾಗಿರಬಹುದು. ಮೊದಲನೆಯದು ಪಾಲಿಕಾರ್ಬೊನೇಟ್, ಎರಡನೆಯದು ಅಕ್ರಿಲಿಕ್. ಆಮೇಲೆ ಟ್ಯೂಬ್‌ಲೈಟಿನ ಕೆಳಗೆ ಪರದೆಯನ್ನು ಓರೆಯಾಗಿ ಹಿಡಿದು ನೋಡಿ. ತೆಳುವಾದ ಕಾಮನಬಿಲ್ಲಿನ ಛಾಯೆ ಕಂಡರೆ ಅದರ ಮೇಲೆ ಗಡಸು ಲೇಪವಿದೆ ಎಂದು ಹೇಳಬಹುದು.

ಬಿಸಿಲೆ ಘಾಟ್ ಸವಾರ, ಹಾಸನ

ಧನ್ಯವಾದಗಳು ಸರ್. ನಾಲ್ಕು ಬೋಲ್ಟುಗಳನ್ನು ಅಲೆನ್ ಕೀಯಿಂದ ಬಿಚ್ಚಿ ಪರದೆಯನ್ನು ಹೊರತೆಗೆದೆ. ಕೆಳ ಅಂಚಿನಲ್ಲಿ ಪಿಸಿ ಎಂದೇ ಇದೆ. ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ನೀವು ಹೇಳಿದಂತೆಯೇ ಹಸಿರು ಮತ್ತು ನಸುಗೆಂಪಿನ ಅಲೆಗಳು ಕಂಡವು. ಇಷ್ಟು ದಿನ ಅದು ಎಣ್ಣೆಯ ಜಿಡ್ಡು ಎಂದುಕೊಂಡು ಉಜ್ಜುತ್ತಿದ್ದೆ. ಒಂದು ಸಂದೇಹ: ಮನೆಯಲ್ಲಿ ಹೀಟ್ ಗನ್ ಇದೆ. ಬಣ್ಣವನ್ನು ಬಿಸಿ ಮಾಡಿ ಮೆತ್ತಗೆ ಮಾಡಿದರೆ ಸುಲಭವಾಗುವುದೇ?

ಅಚ್ಚಿನ ಮನೆ, ಪೀಣ್ಯ

ಹೀಟ್ ಗನ್ನನ್ನು ಕಪಾಟಿನಲ್ಲೇ ಇರಿಸಿ. ಪಾಲಿಕಾರ್ಬೊನೇಟ್ ಸುಮಾರು 147 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಕ್ರಿಲಿಕ್ ಸುಮಾರು 105 ಡಿಗ್ರಿಯಲ್ಲಿ ಮೆತ್ತಗಾಗತೊಡಗುತ್ತದೆ, ಹೀಟ್ ಗನ್ನಿನ ಬಾಯಿಂದ ಹೊರಡುವ ಗಾಳಿ ಅದಕ್ಕಿಂತ ಎಷ್ಟೋ ಬಿಸಿ. ಬಣ್ಣ ಮೆತ್ತಗಾಗುವ ಮೊದಲೇ ಪರದೆಯ ಬಾಗು ಕೆಟ್ಟು ರಸ್ತೆ ಅಲೆಅಲೆಯಾಗಿ ಕಾಣತೊಡಗುತ್ತದೆ.

ಪಿಸಿ ಎಂದು ತಿಳಿದದ್ದು ಒಳ್ಳೆಯದಾಯಿತು. ಐಸೊಪ್ರೊಪೈಲ್ ಆಲ್ಕೊಹಾಲ್ ಪಾಲಿಕಾರ್ಬೊನೇಟಿಗೆ ಹೊಂದುತ್ತದೆ, ನೀವು ಅದನ್ನು ಧೈರ್ಯವಾಗಿ ಬಳಸಬಹುದು. ಅಕ್ರಿಲಿಕ್ ಆಗಿದ್ದರೆ ನಾನು ಅದನ್ನೂ ಬೇಡ ಎನ್ನುತ್ತಿದ್ದೆ. ಒತ್ತಡದಲ್ಲಿರುವ ಅಕ್ರಿಲಿಕ್ ಆಲ್ಕೊಹಾಲ್ ತಗುಲಿದರೆ ಒಳಗೊಳಗೇ ಬಿರಿಯುತ್ತದೆ. ಇದನ್ನು ಮುಂದೆ ಓದುವವರು ಈ ಒಂದು ವ್ಯತ್ಯಾಸವನ್ನು ಮರೆಯಬಾರದು.

ಸುಣ್ಣಬಣ್ಣ, ದಾವಣಗೆರೆ

ನಾನು ಪೇಂಟಿಂಗ್ ಗುತ್ತಿಗೆ ಮಾಡುವವನು. ಬೈಕಿನ ಮೇಲೆ ಹೊದಿಕೆ ಹಾಕದಿದ್ದದ್ದು ನಮ್ಮವರ ತಪ್ಪೇ, ಅದನ್ನು ಒಪ್ಪಿಕೊಂಡು ಮುಂದಿನ ಮಾತು ಹೇಳುತ್ತೇನೆ.

ನೀವು ವರ್ಣಿಸಿದ ರೀತಿ ನೋಡಿದರೆ ಬಿಳಿ ಹನಿಗಳು ಹೊರಗೋಡೆಯ ಎಮಲ್ಷನ್. ಅದು ನೀರಿನಲ್ಲಿ ಕಲಸಿದ ಬಣ್ಣ. ನೀರು ಆರಿದಂತೆ ಅದರೊಳಗಿನ ಸಣ್ಣ ಸಣ್ಣ ಅಂಟಿನ ಕಣಗಳು ಒಂದಕ್ಕೊಂದು ಬೆಸೆದು ರಬ್ಬರಿನಂಥ ಪೊರೆಯಾಗುತ್ತವೆ. ಒಮ್ಮೆ ಬೆಸೆದ ಮೇಲೆ ನೀರಿಗೆ ಕರಗುವುದಿಲ್ಲ, ಆದರೆ ನೀರು ಕುಡಿದು ಸ್ವಲ್ಪ ಉಬ್ಬುತ್ತದೆ, ಆಲ್ಕೊಹಾಲ್ ತಗುಲಿದರೆ ಇನ್ನೂ ಹೆಚ್ಚು ಮೆತ್ತಗಾಗುತ್ತದೆ. ಮೂರು ದಿನವಷ್ಟೇ ಆಗಿರುವುದರಿಂದ ಇನ್ನೂ ಪೂರ್ತಿ ಬಲಿತಿಲ್ಲ. ಒಂದು ತಿಂಗಳು ಬಿಟ್ಟರೆ ಕೆಲಸ ಎರಡರಷ್ಟಾಗುತ್ತದೆ.

ಕೆಂಪುಗಂದು ಚುಕ್ಕೆಗಳು ರೆಡ್ ಆಕ್ಸೈಡ್ ಪ್ರೈಮರ್, ಕಪ್ಪು ಚುಕ್ಕೆಗಳು ಅದರ ಮೇಲೆ ಹೊಡೆದ ಎನಾಮೆಲ್. ಇವು ಎಣ್ಣೆ ಬಣ್ಣಗಳು; ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ದಿನದಿಂದ ದಿನಕ್ಕೆ ಗಟ್ಟಿಯಾಗುತ್ತ ಹೋಗುತ್ತವೆ. ಒಂದು ಸಮಾಧಾನವೆಂದರೆ, ಗನ್ನಿನಿಂದ ದೂರ ಹಾರಿ ಬಂದ ಹನಿ ದಾರಿಯಲ್ಲೇ ಅರ್ಧ ಒಣಗಿರುತ್ತದೆ, ಆದ್ದರಿಂದ ಕಚ್ಚಿ ಹಿಡಿಯದೆ ಮೇಲೆ ಕೂತಿರುತ್ತದೆ. ಕೈಗೆ ತರಿತರಿ ಎನಿಸುವುದು ಅದೇ. ಆದರೆ ಬೇಗ ಒಣಗಲೆಂದು ಕೆಲವರು ಗನ್ನಿನ ಬಣ್ಣಕ್ಕೆ ಟರ್ಪೆಂಟೈನ್ ಬದಲು ಎನ್‌ಸಿ ಥಿನ್ನರ್, ಅಂದರೆ ಪ್ಲಾಸ್ಟಿಕ್ಕನ್ನು ತಿನ್ನುವ ಬಗೆಯ ಚುರುಕು ಥಿನ್ನರ್ ಬೆರೆಸುತ್ತಾರೆ. ಗೇಟಿನಿಂದ ಬೈಕು ಎಷ್ಟು ದೂರವಿತ್ತು? ತೀರ ಹತ್ತಿರವಿದ್ದು, ಹಸಿ ಹನಿಯೇ ಬಿದ್ದಿದ್ದರೆ, ಬಣ್ಣ ತೆಗೆದ ಮೇಲೂ ಅಡಿಯಲ್ಲಿ ಸೂಜಿಮೊನೆಯಂಥ ಕುಳಿ ಉಳಿದೀತು. ಅದಕ್ಕೆ ಮನಸ್ಸು ಸಿದ್ಧ ಮಾಡಿಕೊಂಡಿರಿ.

ಬಿಸಿಲೆ ಘಾಟ್ ಸವಾರ, ಹಾಸನ

ಗೇಟಿನಿಂದ ಹತ್ತು ಹನ್ನೆರಡು ಅಡಿ ಇತ್ತು ಅಣ್ಣ. ಬಲತುದಿ ಮಾತ್ರ ಸ್ವಲ್ಪ ಹತ್ತಿರ.

ಹೊಳಪು, ಹುಬ್ಬಳ್ಳಿ

ನಾನು ಕಾರು, ಬೈಕುಗಳ ಡೀಟೇಲಿಂಗ್ ಕೆಲಸ ಮಾಡುತ್ತೇನೆ. ಇಂಥ ಗಾಡಿಗಳು ದಸರೆ, ದೀಪಾವಳಿಯ ಹೊತ್ತಿಗೆ ವಾರಕ್ಕೊಂದಾದರೂ ಬರುತ್ತವೆ. ನಾನು ಅನುಸರಿಸುವ ಕ್ರಮವನ್ನು ತಿಳಿಸುತ್ತೇನೆ.

ಪರದೆಯನ್ನು ಬಿಚ್ಚಿದ್ದು ಅರ್ಧ ಕೆಲಸ ಮುಗಿಸಿದಂತೆ. ಬಿಸಿಲಿನಲ್ಲಿ ಕೆಲಸ ಮಾಡಬೇಡಿ, ನೆರಳಿನಲ್ಲಿ ಪ್ಲಾಸ್ಟಿಕ್ ತಣ್ಣಗಿರುವಾಗ ಮಾಡಿ. ಮೊದಲು ಧಾರಾಳವಾಗಿ ನೀರು ಹರಿಸಿ ಧೂಳನ್ನೆಲ್ಲ ಇಳಿಸಿ. ಪರದೆಯ ಮೇಲಿನ ಹೆಚ್ಚಿನ ಗೀರುಗಳು ಬಣ್ಣದಿಂದ ಆದವಲ್ಲ, ಬಣ್ಣ ತೆಗೆಯುವ ಆತುರದಲ್ಲಿ ಧೂಳನ್ನು ಬಟ್ಟೆಯಡಿ ಎಳೆದಾಡಿದ್ದರಿಂದ ಆದವು. ಆಮೇಲೆ ಉಗುರು ಬೆಚ್ಚಗಿನ ನೀರಿಗೆ ಸ್ವಲ್ಪ ಶ್ಯಾಂಪೂ ಹಾಕಿ, ಅದರಲ್ಲಿ ಅದ್ದಿದ ದಪ್ಪ ಟವೆಲನ್ನು ಪರದೆಯ ಮೇಲೆ ಹಾಸಿ ಅರ್ಧ ಗಂಟೆ ಬಿಡಿ. ಬಟ್ಟೆ ಒಣಗಲು ಬಿಡದೆ ಆಗಾಗ ನೀರು ಚಿಮುಕಿಸಿ. ಎಮಲ್ಷನ್ ಹನಿಗಳ ಅಂಚು ಇಷ್ಟಕ್ಕೇ ಏಳಲು ಶುರುವಾಗುತ್ತದೆ. ಬೆರಳಿನ ಉಗುರಿನಿಂದ, ಅದು ಸಾಲದಿದ್ದರೆ ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ, ಮಲಗಿಸಿದ ಕೋನದಲ್ಲಿ ನಿಧಾನವಾಗಿ ಎಬ್ಬಿಸಿ. ಐಸ್‌ಕ್ರೀಮ್ ಕಡ್ಡಿಯೂ ಆದೀತು. ಬ್ಲೇಡು ಮಾತ್ರ ಬೇಡವೇ ಬೇಡ.

ಉಳಿದ ಎಮಲ್ಷನ್‌ಗೆ ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಯಲ್ಲಿ ತೆಗೆದುಕೊಂಡು ಹನಿಯ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಉಜ್ಜಬೇಡಿ, ಒತ್ತಿ ಹಿಡಿಯಿರಿ. ಕೊರೋನಾ ಕಾಲದಲ್ಲಿ ತಂದಿಟ್ಟ ಸ್ಯಾನಿಟೈಸರನ್ನೇ ಕೆಲವರು ಬಳಸುತ್ತಾರೆ, ಆದರೆ ಅದರಲ್ಲಿ ಗ್ಲಿಸರಿನ್, ಸುಗಂಧ ಮುಂತಾದವು ಸೇರಿರುವುದರಿಂದ ಜಿಡ್ಡು ಉಳಿಯುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಬರಿಯ ಐಸೊಪ್ರೊಪೈಲ್ ಕೇಳಿ ತನ್ನಿ.

ಗನ್ನಿನ ಚುಕ್ಕೆಗಳಿಗೆ ನನ್ನ ಅಸ್ತ್ರ ಕ್ಲೇ ಬಾರ್. ಮಕ್ಕಳು ಆಡುವ ಮೇಣದ ಮಣ್ಣಿನಂತಿರುವ ಒಂದು ತುಂಡು. ಅದರೊಳಗೆ ಅತಿ ನುಣ್ಣನೆಯ ಉಜ್ಜುಪುಡಿ ಇರುತ್ತದೆ. ಶ್ಯಾಂಪೂ ನೀರನ್ನು ಚೆನ್ನಾಗಿ ಸಿಂಪಡಿಸಿ, ಮಣ್ಣನ್ನು ಚಪ್ಪಟೆ ಮಾಡಿ, ಭಾರ ಹಾಕದೆ ನೇರ ಗೆರೆಯಲ್ಲಿ ಜಾರಿಸಿದರೆ ಮೇಲೆದ್ದ ಚುಕ್ಕೆಗಳನ್ನು ಅದು ಕಚ್ಚಿಕೊಂಡು ಹೋಗುತ್ತದೆ. ಮೊದಲು ಗರಗರ ಸದ್ದು ಬರುತ್ತದೆ, ಸದ್ದು ನಿಂತಿತೆಂದರೆ ಆ ಜಾಗ ಶುದ್ಧವಾಯಿತೆಂದು ಅರ್ಥ. ಪದೇ ಪದೇ ಮಡಚಿ ಹೊಸ ಮುಖ ತಿರುಗಿಸಿಕೊಳ್ಳಿ. ನೆಲಕ್ಕೆ ಬಿದ್ದ ಕ್ಲೇ ಎಷ್ಟೇ ಬೆಲೆಯದ್ದಾಗಿರಲಿ, ಎಸೆದುಬಿಡಿ. ನುಣುಪು ದರ್ಜೆಯದ್ದನ್ನೇ ಕೊಳ್ಳಬೇಕು. ಕೊನೆಯಲ್ಲಿ ಪ್ಲಾಸ್ಟಿಕ್ ಪಾಲಿಶ್ ಹಾಕಿ ಮುಗಿಸಬಹುದು.

ಅಚ್ಚಿನ ಮನೆ, ಪೀಣ್ಯ

ಕೊನೆಯ ವಾಕ್ಯವೊಂದನ್ನು ಬಿಟ್ಟು ಉಳಿದದ್ದೆಲ್ಲ ನನಗೆ ಒಪ್ಪಿಗೆ. ಇವರ ಪರದೆಗೆ ಗಡಸು ಲೇಪವಿದೆ. ಪಾಲಿಕಾರ್ಬೊನೇಟ್ ಸುತ್ತಿಗೆಯ ಏಟಿಗೆ ಜಗ್ಗದಷ್ಟು ಗಟ್ಟಿ, ಆದರೆ ಅದರ ಮೈ ಮೆದು; ಬರಿಮೈ ಪಾಲಿಕಾರ್ಬೊನೇಟಿಗೆ ಒಣಬಟ್ಟೆಯೂ ಗೀರು ಹಾಕುತ್ತದೆ. ಅದಕ್ಕಾಗಿಯೇ ಸಿಲಿಕೋನ್ ಜಾತಿಯ ಗಡಸು ಲೇಪವೊಂದನ್ನು ಹಚ್ಚಿರುತ್ತಾರೆ. ಅದರ ದಪ್ಪ ಕೆಲವೇ ಮೈಕ್ರಾನ್, ತಲೆಗೂದಲಿನ ದಪ್ಪದ ಹತ್ತರಲ್ಲಿ ಒಂದು ಪಾಲು ಎಂದುಕೊಳ್ಳಿ. ಪಾಲಿಶ್ ಎಂದರೆ ಮೇಲ್ಮೈಯನ್ನು ಸವೆಸುವುದು. ಲೇಪವಿಲ್ಲದ ಅಕ್ರಿಲಿಕ್ಕನ್ನು ಸವೆಸಿ ಹೊಳೆಯಿಸಬಹುದು. ಲೇಪವಿರುವ ಪರದೆಯನ್ನು ಸವೆಸಿದರೆ ಕೆಲವು ಕಡೆ ಲೇಪ ಹರಿದು, ಕೆಲವು ಕಡೆ ಉಳಿದು, ಭೂಪಟದಂಥ ಮಚ್ಚೆಗಳಾಗುತ್ತವೆ. ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯುವ ಅಂಶವೂ ಹೆಚ್ಚಾಗಿ ಆ ಪದರದಲ್ಲೇ ಇರುವುದರಿಂದ ಆ ಭಾಗ ಬೇಗ ಹಳದಿ ತಿರುಗುತ್ತದೆ. ಟೂತ್‌ಪೇಸ್ಟಿನಿಂದ ಉಜ್ಜಿ ಎನ್ನುವವರು ಈ ಪುಟಕ್ಕೂ ಬಂದೇ ಬರುತ್ತಾರೆ. ಅದೂ ಉಜ್ಜುಪುಡಿಯೇ, ಹಲ್ಲಿಗೆ ಸರಿ.

ಹೊಳಪು, ಹುಬ್ಬಳ್ಳಿ

ಒಪ್ಪಿದೆ ಸರ್. ನಮ್ಮಲ್ಲಿಗೆ ಬರುವ ಪರದೆಗಳಲ್ಲಿ ಅರ್ಧಕ್ಕರ್ಧ ಲೇಪ ಮೊದಲೇ ಸವೆದು ಹೋಗಿರುತ್ತದೆ, ಅದಕ್ಕೆ ಪಾಲಿಶ್ ಅಭ್ಯಾಸವಾಗಿಬಿಟ್ಟಿದೆ. ಒಂದು ವರ್ಷದ ಪರದೆಗೆ ಬೇಡ. ಕ್ಲೇಯನ್ನೂ ಮೊದಲು ಕೆಳಗಿನ ಮೂಲೆಯಲ್ಲಿ, ಹೆಡ್‌ಲೈಟ್ ಕವಚ ಮುಚ್ಚುವ ಜಾಗದಲ್ಲಿ ಪರೀಕ್ಷಿಸಿ ನೋಡಲಿ.

ಹಳೇ ಬುಲೆಟ್, ಮೈಸೂರು

ನನ್ನ ಗಾಡಿಗೆ ವಿಂಡ್‌ಸ್ಕ್ರೀನೇ ಇಲ್ಲ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಪೆಟ್ರೋಲಿನ ಸಲಹೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಆದರೆ ಎಣ್ಣೆ ಬಣ್ಣಕ್ಕೆ ಸೀಮೆಎಣ್ಣೆ ಆದೀತಲ್ಲವೇ? ನಮ್ಮ ಕಾಲದ ಪೇಂಟರುಗಳು ಕೈ ತೊಳೆಯುತ್ತಿದ್ದದ್ದೇ ಅದರಲ್ಲಿ, ಆಮೇಲೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು.

ಅಚ್ಚಿನ ಮನೆ, ಪೀಣ್ಯ

ಒಳ್ಳೆಯ ಪ್ರಶ್ನೆ ಸರ್. ಆರೊಮ್ಯಾಟಿಕ್ ಇಲ್ಲದ ಪೆಟ್ರೋಲಿಯಂ ದ್ರವಗಳು ಈ ಪ್ಲಾಸ್ಟಿಕ್‌ಗಳಿಗೆ ಅಷ್ಟು ಕೇಡು ಮಾಡುವುದಿಲ್ಲ. ಪಾಲಿಕಾರ್ಬೊನೇಟ್ ಹಾಳೆ ತಯಾರಿಸುವವರೇ ಹಸಿ ಬಣ್ಣದ ಹನಿಗೆ ನಾಫ್ತಾ ಅಥವಾ ಐಸೊಪ್ರೊಪೈಲ್ ಹೇಳುತ್ತಾರೆ. ಸಿಗರೇಟ್ ಲೈಟರಿಗೆ ತುಂಬುವ ದ್ರವ ಆ ಬಗೆಯದು. ಸೀಮೆಎಣ್ಣೆ ಅಕ್ರಿಲಿಕ್ಕಿಗೆ ಪರವಾಗಿಲ್ಲ. ಪಾಲಿಕಾರ್ಬೊನೇಟಿಗೆ ನಾನು ಅದನ್ನು ಕೊನೆಯ ಪ್ರಯತ್ನವಾಗಿ, ಬೋಲ್ಟಿನ ತೂತುಗಳಿಂದ ದೂರ, ಅರೆ ನಿಮಿಷಕ್ಕೆ ಮಾತ್ರ ಮುಟ್ಟಿಸಿ ಕೂಡಲೇ ಸೋಪಿನ ನೀರಿನಲ್ಲಿ ತೊಳೆಯುತ್ತೇನೆ. ಪೇಂಟ್ ಅಂಗಡಿಯ ಟರ್ಪೆಂಟೈನ್ ಬೇರೆ ವಿಷಯ. ಅದರಲ್ಲಿ ಆರೊಮ್ಯಾಟಿಕ್ ಇರುವುದರಿಂದ ನಂಬಬೇಡಿ. ಕೊಬ್ಬರಿ ಎಣ್ಣೆ ಹಸಿ ಎನಾಮೆಲನ್ನು ಸಡಿಲಿಸುತ್ತದೆ, ಮೂರು ದಿನ ಒಣಗಿದ್ದಕ್ಕೆ ಅದರ ಆಟ ನಡೆಯದು.

ಕಾರವಾರದ ದಾರಿ

ನನ್ನದೊಂದು ಸಣ್ಣ ಪ್ರಶ್ನೆ, ಇದೇ ವಿಷಯಕ್ಕೆ ಸೇರಿದ್ದೆಂದು ಕೇಳುತ್ತಿದ್ದೇನೆ. ಸ್ಕೂಟರಿನ ಮೇಲೆ ಇಟ್ಟಿದ್ದ ಹೆಲ್ಮೆಟ್ಟಿನ ಗಾಜಿಗೂ ಹೀಗೆಯೇ ಮೂರು ಹನಿ ಎಮಲ್ಷನ್ ಬಿದ್ದಿದೆ. ಎರಡು ಹೊರಗೆ, ಒಂದು ಒಳಗೆ. ಮೇಲೆ ಹೇಳಿದ ಕ್ರಮವನ್ನೇ ಅನುಸರಿಸಬಹುದೇ?

ಅಚ್ಚಿನ ಮನೆ, ಪೀಣ್ಯ

ಹೊರಗಿನ ಎರಡಕ್ಕೆ ಬೆಚ್ಚಗಿನ ನೀರಿನ ಒದ್ದೆಬಟ್ಟೆ ಮತ್ತು ಉಗುರು ಸಾಕು ಮೇಡಂ. ಗಾಜನ್ನು ಹೆಲ್ಮೆಟ್ಟಿನಿಂದ ಬಿಚ್ಚಿಕೊಂಡೇ ಮಾಡಿ. ಹೆಲ್ಮೆಟ್ಟಿನ ಚಿಪ್ಪಿಗೆ ಯಾವ ದ್ರಾವಕವೂ ತಗುಲಬಾರದು, ಕಣ್ಣಿಗೆ ಕಾಣದಂತೆ ಅದರ ಬಲ ಕುಂದುತ್ತದೆ. ಒಳಗಿನ ಹನಿಯ ವಿಷಯದಲ್ಲಿ ಎಚ್ಚರವಿರಲಿ: ಹಬೆ ಹಿಡಿಯದಂತೆ ಒಳಮೈಗೆ ಲೇಪವಿದ್ದರೆ ಅದು ಬಹಳ ಮೆದು, ಆಲ್ಕೊಹಾಲ್ ಅದನ್ನು ಎಬ್ಬಿಸಿಬಿಡುತ್ತದೆ. ಬರಿ ನೀರಿಗೆ ಹೋಗದಿದ್ದರೆ ಹೊಸ ಗಾಜು ಹಾಕಿಸುವುದೇ ಲೇಸು, ಅದಕ್ಕೆ ಹೆಚ್ಚು ಬೆಲೆಯೇನೂ ಆಗದು.

ತೀರ್ಥಹಳ್ಳಿ ಮಳೆ

ಮಾತಿನ ನಡುವೆ ಒಂದು. ಮಲೆನಾಡಿನಲ್ಲಿ ಸೊಳ್ಳೆಗೆ ಹಚ್ಚಿಕೊಳ್ಳುವ ಕ್ರೀಮು ಕೈಯಲ್ಲಿದ್ದಾಗಲೂ ವಿಂಡ್‌ಸ್ಕ್ರೀನ್ ಮುಟ್ಟಬೇಡಿ. ಅದರಲ್ಲಿ ಡೀಟ್ ಎಂಬ ಅಂಶವಿದ್ದರೆ ಬೆರಳಚ್ಚು ಪ್ಲಾಸ್ಟಿಕ್ಕಿನಲ್ಲಿ ಶಾಶ್ವತವಾಗಿ ಅಚ್ಚಾಗುತ್ತದೆ. ಹೊಸ ಪರದೆಯ ಮೇಲೆ ನನ್ನ ಹೆಬ್ಬೆರಳು ಹಾಗೆ ಉಳಿದುಕೊಂಡಿದೆ.

ಬಿಸಿಲೆ ಘಾಟ್ ಸವಾರ, ಹಾಸನ

ಭಾನುವಾರದ ವರದಿ. ಬೆಳಿಗ್ಗೆ ಎಂಟಕ್ಕೆ ಹಿಂದಿನ ಜಗಲಿಯಲ್ಲಿ ಪರದೆಯನ್ನು ಹಳೆಯ ಕಂಬಳಿಯ ಮೇಲೆ ಮಲಗಿಸಿಕೊಂಡು ಕುಳಿತೆ. ಬೆಚ್ಚಗಿನ ನೀರಿನ ಟವೆಲು ಹಾಸಿ ಅರ್ಧ ಗಂಟೆ ಬಿಟ್ಟು ತೆಗೆದಾಗ ನಾಲ್ಕು ಬಿಳಿ ಹನಿಗಳು ಟವೆಲಿಗೇ ಅಂಟಿಕೊಂಡು ಬಂದವು. ಏಳು ಹನಿಗಳು ಎಟಿಎಂ ಕಾರ್ಡಿಗೆ ಸಿಪ್ಪೆಯಂತೆ ಎದ್ದವು. ರಬ್ಬರಿನಂಥ ಪೊರೆ ಎಂದು ದಾವಣಗೆರೆಯ ಅಣ್ಣ ಹೇಳಿದ್ದು ಅಕ್ಷರಶಃ ನಿಜ. ಉಳಿದ ನಾಲ್ಕಕ್ಕೆ ಐಸೊಪ್ರೊಪೈಲ್ ಒತ್ತಿ ಹಿಡಿಯಬೇಕಾಯಿತು. ಮೊದಲ ಸಲ ತಾಳ್ಮೆಗೆಟ್ಟು ಅರೆ ನಿಮಿಷಕ್ಕೇ ಉಜ್ಜಲು ಹೋದೆ, ಬಣ್ಣ ಬೆಣ್ಣೆಯಂತೆ ಹರಡಿ ಇನ್ನಷ್ಟು ಜಾಗ ಹಿಡಿಯಿತು. ಆಮೇಲೆ ಗಡಿಯಾರ ನೋಡಿಕೊಂಡು ಒಂದು ನಿಮಿಷ ಕಾದು, ಹತ್ತಿಯನ್ನು ಅಂಚಿನಿಂದ ನಡುವಿನ ಕಡೆಗೆ ಎಳೆದೆ. ಬಿಳಿ ಪೂರ್ತಿ ಹೋಗಿದೆ, ಮಬ್ಬಿಲ್ಲ, ಗೀರಿಲ್ಲ.

ಕ್ಲೇ ಬಾರ್ ಹಾಸನದಲ್ಲಿ ಸಿಗಲಿಲ್ಲ, ತರಿಸಲು ಹೇಳಿದ್ದೇನೆ. ಕಾಯುವಷ್ಟರಲ್ಲಿ ಚುಕ್ಕೆಗಳು ಇನ್ನೂ ಗಟ್ಟಿಯಾಗುವುದಿಲ್ಲವೇ ಎಂಬ ಆತಂಕವಿದೆ.

ಸುಣ್ಣಬಣ್ಣ, ದಾವಣಗೆರೆ

ಗಟ್ಟಿಯಾಗುತ್ತವೆ, ಆದರೆ ಮೇಲೆ ಕೂತ ಚುಕ್ಕೆ ಗಟ್ಟಿಯಾದರೆ ಕ್ಲೇಗೆ ಅನುಕೂಲವೇ. ಮೆತ್ತಗಿದ್ದರೆ ಸವರಿಕೊಂಡು ಹೋಗುತ್ತದೆ, ಗಟ್ಟಿಯಿದ್ದರೆ ಚಿಟಕ್ಕನೆ ಕಿತ್ತು ಬರುತ್ತದೆ. ನಾಲ್ಕು ದಿನ ತಡವಾದರೆ ನಷ್ಟವಿಲ್ಲ. ಬೈಕನ್ನು ಮಾತ್ರ ಆ ಗೋಡೆಯ ಬಳಿ ನಿಲ್ಲಿಸಬೇಡಿ, ಎರಡನೇ ಕೋಟು ಇನ್ನೂ ಬಾಕಿ ಇರುತ್ತದೆ.

ಬಿಸಿಲೆ ಘಾಟ್ ಸವಾರ, ಹಾಸನ

ಕ್ಲೇ ಗುರುವಾರ ಬಂತು. ಕೆಳಗಿನ ಮೂಲೆಯಲ್ಲಿ ಮೊದಲು ಪರೀಕ್ಷಿಸಿದೆ, ಟ್ಯೂಬ್‌ಲೈಟಿನ ಕೆಳಗೆ ನೋಡಿದಾಗ ಕಾಮನಬಿಲ್ಲಿನ ಅಲೆ ಮುರಿಯದೆ ಹಾಗೆಯೇ ಇತ್ತು, ಹೀಗಾಗಿ ಧೈರ್ಯ ಬಂತು. ಅಂಗೈಯಗಲದ ಜಾಗವನ್ನು ಒಂದೊಂದಾಗಿ ತೆಗೆದುಕೊಂಡು, ಬಲ ಅರ್ಧವನ್ನು ಮುಗಿಸಲು ಒಂದೂವರೆ ಗಂಟೆ ಹಿಡಿಯಿತು. ಸದ್ದಿನ ವಿಷಯ ಹುಬ್ಬಳ್ಳಿಯವರು ಹೇಳಿದಂತೆಯೇ ಆಯಿತು: ರಾಗಿ ಬೀಸುವಂತೆ ಶುರುವಾಗಿ, ಕೊನೆಗೆ ನಿಶ್ಶಬ್ದ. ಬೂದು ಬಣ್ಣದ ಕ್ಲೇ ಕಂದು ಬಣ್ಣಕ್ಕೆ ತಿರುಗಿದೆ. ಒಂದು ತುಂಡು ಜಗಲಿಯ ಮೇಲೆ ಬಿದ್ದಿತು, ಹೊಟ್ಟೆ ಉರಿದರೂ ಎಸೆದೆ.

ಬಲತುದಿಯಲ್ಲಿ, ಗೇಟಿಗೆ ಹತ್ತಿರವಿದ್ದ ಭಾಗದಲ್ಲಿ, ಇಪ್ಪತ್ತರಷ್ಟು ಕಪ್ಪು ಚುಕ್ಕೆಗಳು ಜಗ್ಗಲಿಲ್ಲ. ಅವಕ್ಕೆ ಲೈಟರಿನ ದ್ರವವನ್ನು ಕಿವಿಗೆ ಬಳಸುವ ಹತ್ತಿಕಡ್ಡಿಯಲ್ಲಿ ಮುಟ್ಟಿಸಿ, ಕೂಡಲೇ ಸೋಪಿನ ನೀರಿನಲ್ಲಿ ತೊಳೆದು, ಮತ್ತೆ ಕ್ಲೇ ಹಾಯಿಸಿದೆ. ಹೆಚ್ಚಿನವು ಹೋದವು. ಐದಾರು ಕಡೆ ಬಣ್ಣ ಹೋದ ಮೇಲೂ ಬೆಳಕಿಗೆ ಹಿಡಿದರೆ ಸಣ್ಣ ಕುಳಿ ಕಾಣುತ್ತದೆ. ದಾವಣಗೆರೆಯ ಅಣ್ಣನ ಎಚ್ಚರಿಕೆ ಸುಳ್ಳಾಗಲಿಲ್ಲ.

ಹೊಳಪು, ಹುಬ್ಬಳ್ಳಿ

ಕುಳಿಗಳನ್ನು ಸವೆಸಲು ಹೋಗಬೇಡಿ. ಉಜ್ಜುಪುಡಿ ಇಲ್ಲದ ಕಾರ್ನೌಬಾ ಮೇಣವನ್ನು ತೆಳುವಾಗಿ ಹಚ್ಚಿ ಮೈಕ್ರೋಫೈಬರ್ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸಿ, ಸುತ್ತು ಸುತ್ತಾಗಿ ಅಲ್ಲ. ಮೇಣ ಕುಳಿಯೊಳಗೆ ತುಂಬಿಕೊಂಡು ಬೆಳಕು ಚದುರುವುದು ಕಡಿಮೆಯಾಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ.

ಅಚ್ಚಿನ ಮನೆ, ಪೀಣ್ಯ

ಮತ್ತೆ ಕೂರಿಸುವಾಗ ಬೋಲ್ಟಿನ ರಬ್ಬರ್ ವಾಷರುಗಳನ್ನು ಪರೀಕ್ಷಿಸಿ, ಗಟ್ಟಿಯಾಗಿದ್ದರೆ ಬದಲಿಸಿ. ನಾಲ್ಕೂ ಬೋಲ್ಟುಗಳನ್ನು ಮೊದಲು ಕೈಯಿಂದಲೇ ಪೂರ್ತಿ ಹಾಕಿ, ಆಮೇಲೆ ಒಂದಾದ ಮೇಲೊಂದನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ವಾಷರ್ ಸ್ವಲ್ಪ ಅಮುಕಿದ ಕೂಡಲೇ ನಿಲ್ಲಿಸಿ. ಇಷ್ಟು ಜೋಪಾನ ಮಾಡಿ ತೆಗೆದ ಮೇಲೆ ಬೋಲ್ಟು ಬಿಗಿದು ಒಡೆದರೆ ಯಾರಿಗೆ ಹೇಳುವುದು?

ಬಿಸಿಲೆ ಘಾಟ್ ಸವಾರ, ಹಾಸನ

ವಾಷರುಗಳಲ್ಲಿ ಎರಡು ಬಿರಿದಿದ್ದವು, ನಾಲ್ಕನ್ನೂ ಬದಲಿಸಿದೆ. ಮೇಣ ಹಚ್ಚಿ ನಿನ್ನೆ ರಾತ್ರಿ ಸಕಲೇಶಪುರದವರೆಗೆ ಹೋಗಿ ಬಂದೆ. ಎದುರಿನ ದೀಪಕ್ಕೆ ಪರದೆಯ ನಡುಭಾಗ ಸ್ವಚ್ಛವಾಗಿ ಕಾಣುತ್ತದೆ. ಬಲತುದಿಯ ಕುಳಿಗಳು ಕನ್ನಡಿಯ ಕಡ್ಡಿಯ ನೇರಕ್ಕೆ ಬರುವುದರಿಂದ ನನ್ನ ದೃಷ್ಟಿಗೆ ಅಡ್ಡ ಬರುವುದಿಲ್ಲ. ಒಂದು ಕೆಂಪುಗಂದು ಚುಕ್ಕೆ ಮೇಲಂಚಿನ ಮಡಿಕೆಯಲ್ಲಿ ಉಳಿದಿದೆ, ಕ್ಲೇ ಅಲ್ಲಿಗೆ ತಲುಪುವುದಿಲ್ಲ. ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಗೃಹಪ್ರವೇಶದ ಊಟಕ್ಕೆ ನಾಳೆ ಹೋಗಬೇಕು, ಬೈಕನ್ನು ಆಚೆ ಬೀದಿಯಲ್ಲಿ ನಿಲ್ಲಿಸುತ್ತೇನೆ.